ಎಲಿ ಡಾಕ್ಟರ್ ಅಮರಪ್ಪನವರ ಇಲಾಜು

ಶಹಾಪುರದ ಬೆಟ್ಟದ ಮೇಲೆ ಬುದ್ಧ ಮಲಗಿದ್ದಾನೆ ಎನ್ನುತ್ತಾರೆ. ದೂರದಿಂದ ನೋಡಿದರೆ ಬಂಡೆಗಳ ಸಾಲು ಹಾಗೆಯೇ ಕಾಣುತ್ತದೆ. ಎಷ್ಟೋ ಕಾಲದಿಂದ ಊರಿನ ಗದ್ದಲವನ್ನೆಲ್ಲ ಕೇಳಿಸಿಕೊಂಡೂ ಆತ ಒಂದು ಮಾತಾಡಿಲ್ಲ. ಅದೇ ಬೆಟ್ಟದ ಕೆಳಗಿನ ಓಣಿಯಲ್ಲಿ ಹುಟ್ಟಿ ಬೆಳೆದ ಅಮರಪ್ಪನ ಮೇಲೆ ಮಾತ್ರ ಈ ಸಹವಾಸದ ಪರಿಣಾಮ ಎಳ್ಳಷ್ಟೂ ಆಗಿರಲಿಲ್ಲ. ಅವನ ಹಲ್ಲುಗಳೆಲ್ಲ ನೆಟ್ಟಗಿದ್ದವು, ನಾಲಿಗೆ ಚುರುಕಾಗಿತ್ತು. ಆದರೆ ಒಂದು ಮಾತು ಆ ಬಾಯಲ್ಲಿ ಹುಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ‘ಗೊತ್ತಿಲ್ಲ’ ಎಂಬುದೇ ಆ ಮಾತು.

ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂಡುವ ಗುಮಾಸ್ತ ಅವನು. ವಡಗೇರಾದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೂ, ಮೊಣಕಾಲು ನೋವಿಗೆ ಯಾವ ಎಣ್ಣೆ ಎಂದು ಕೇಳಿದರೂ, ಚಂದ್ರನ ಮೇಲೆ ಇಳಿದ ಯಂತ್ರ ಈಗೇನು ಮಾಡುತ್ತಿದೆ ಎಂದು ಕೇಳಿದರೂ ಆ ಕಿಟಕಿಯಿಂದ ಉತ್ತರ ಬರುತ್ತಿತ್ತು. ಬಸ್ಸು ಆ ಹೊತ್ತಿಗೆ ಬರುತ್ತಿರಲಿಲ್ಲ, ಅದು ಬೇರೆ ವಿಷಯ.

ಇಂಥವನು ಗಿಡಗಳ ವೈದ್ಯನಾದದ್ದು ಎಡವಿ.

ಪಕ್ಕದ ಮನೆಯ ಯಶೋಧರಾ ಟೀಚರ್ ಓಣಿಯ ಅರ್ಧ ಮಂದಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಅವರ ಗೇಟಿನ ಮುಂದಿನ ಕುಂಡದಲ್ಲಿ ಒಂದು ದಾಸವಾಳ ಇತ್ತು. ಕೆಲವು ದಿನಗಳಿಂದ ಅದು ಎಲೆ ಜೋತುಹಾಕಿಕೊಂಡು ನಿಂತಿತ್ತು. ಒಂದು ಬೆಳಗ್ಗೆ ಅಮರಪ್ಪ ಮೊಬೈಲು ನೋಡುತ್ತ ಕಚೇರಿಗೆ ಹೊರಟವನು ನೇರ ಹೋಗಿ ಆ ಕುಂಡಕ್ಕೆ ಒದ್ದ. ಕುಂಡ ಉರುಳಿತು. ತಳದ ತೂತಿಗೆ ಮೆತ್ತಿಕೊಂಡಿದ್ದ ಮಣ್ಣಿನ ಹೆಂಟೆ ಕಿತ್ತು, ಒಳಗೆ ಕಟ್ಟಿನಿಂತಿದ್ದ ಕಪ್ಪು ನೀರು ಗಬ್ಬು ನಾರುತ್ತ ಹೊರಬಂತು. ಅದರ ಹಿಂದೆಯೇ ಟೀಚರೂ ಹೊರಬಂದರು.

“ಏನೋ ಅಮರಪ್ಪ, ನನ್ನ ಗಿಡಕ್ಕ ಒದ್ದಿಯಲ್ಲೋ!”

ಬೇರೆ ಯಾರಾದರೂ ‘ತಪ್ಪಾತ್ರಿ’ ಅನ್ನುತ್ತಿದ್ದರು. ಅಮರಪ್ಪ ಕನ್ನಡಕ ಸರಿಮಾಡಿಕೊಂಡ.

“ಒದ್ದಿಲ್ಲರಿ ಟೀಚರ್, ಉಳ್ಳಿಸೀನಿ. ಬೇಕಂತ ಉಳ್ಳಿಸೀನಿ. ಬುಡದಾಗ ನೀರ ನಿಂತು ಬೇರು ಕೊಳಿಯಾಕತ್ತಿತ್ತು. ವಾಸನಿ ನೋಡ್ರಿ ಬೇಕಾದ್ರ.”

“ಅದು ನಿನಗ ಹ್ಯಾಂಗ ತಿಳೀತು?”

“ಎಲಿ ಹೇಳ್ತಾವ್ರಿ. ಕೇಳೋರು ಬೇಕಷ್ಟ.”

ಇಷ್ಟು ಹೇಳಿ ಟೀಚರ್ ಕಣ್ಣಿಗೆ ಕಾಣುವವರೆಗೆ ಗಂಭೀರವಾಗಿ ನಡೆದ. ತಿರುವು ದಾಟಿದ ಮೇಲೆ ಒಂದೇ ಕಾಲಲ್ಲಿ ಕುಣಿದ. ಹೆಬ್ಬೆರಳಿನ ಉಗುರು ಎದ್ದಿತ್ತು. ದೊಡ್ಡ ವಿದ್ಯೆಗಳೆಲ್ಲ ಆರಂಭಕ್ಕೆ ಒಂದಿಷ್ಟು ರಕ್ತ ಬೇಡುತ್ತವೆ.

ದಾಸವಾಳ ಬದುಕಿತು. ಬದುಕಿದ್ದಷ್ಟೇ ಅಲ್ಲ, ಅಂಗೈಯಗಲ ಕೆಂಪು ಹೂ ಬಿಟ್ಟಿತು. ಯಶೋಧರಾ ಟೀಚರ್ ಸುಳ್ಳು ಹೇಳುವವರಲ್ಲ ಎಂಬುದು ಊರಿಗೇ ಗೊತ್ತಿದ್ದರಿಂದ, ಅವರು ಹೇಳಿದ್ದನ್ನು ಊರು ನಂಬಿತು. ರೊಟ್ಟಿ ಬಡಿದು ಮಾರುವ ರೇಣಮ್ಮ ತನ್ನ ಮಲ್ಲಿಗೆ ಗಿಡವನ್ನು ತೋರಿಸಲು ಕರೆದಳು. ಅಮರಪ್ಪ ಹೋಗಿ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತ.

“ಬಿಸಲು ಸಾಲವಲ್ಲದು. ಈ ಕಡಿ ಸರಸು.”

ಸರಿಸಿದಳು. ಮಲ್ಲಿಗೆ ಮೊಗ್ಗಾಯಿತು. ಒಲೆಯ ಮುಂದೆ ಕೂತೇ ರೇಣಮ್ಮ ಓಣಿಗೆಲ್ಲ ಕೇಳುವ ಹಾಗೆ ಸಾರಿದಳು: “ನಮ್ಮ ಅಮರಣ್ಣ ಎಲಿ ಡಾಕ್ಟರ್ ಅದಾನವ್ವ, ಎಲಿ ಡಾಕ್ಟರ್!”

ಅಲ್ಲಿಂದ ಅವನ ಅವತಾರ ಬದಲಾಯಿತು. ಭೂತಗನ್ನಡಿಯೊಂದು ಅಂಗಿಯ ಜೇಬಿಗೆ ಬಂತು. ಎಲೆಯ ಫೋಟೋ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್ ಒಂದು ಮೊಬೈಲಿಗೆ ಬಂತು. ಅದು ಒಂದೇ ಎಲೆಗೆ ಬೆಳಿಗ್ಗೆ ಒಂದು ರೋಗ, ಸಂಜೆ ಒಂದು ರೋಗ ಹೇಳುತ್ತಿತ್ತು. ಅಮರಪ್ಪ ಎರಡರಲ್ಲಿ ಉದ್ದನೆಯ ಹೆಸರನ್ನು ಆರಿಸಿಕೊಳ್ಳುತ್ತಿದ್ದ. ಎಲೆ ಹಳದಿಯಾಗುವುದಕ್ಕೆ ಹೇಳುವ ‘ಕ್ಲೋರೋಸಿಸ್’ ಎಂಬ ಶಬ್ದ ಅವನಿಗೆ ವಿಶೇಷ ಪ್ರೀತಿಯದಾಯಿತು. ದೇವರ ಮನೆಯ ಮುಂದೆ ಕೂತು ನಾಮ ಹೇಳಿಕೊಳ್ಳುವಷ್ಟೇ ಭಕ್ತಿಯಿಂದ ಅವನು ಅದನ್ನು ಹೇಳುತ್ತಿದ್ದ. ಹೆಂಡತಿ ಪರಿಮಳಾ ಒಮ್ಮೆ ಕೇಳಿದಳು: “ಮನ್ಯಾಗಿನ ತುಳಸಿಗೆ ಯಾರು ನೀರ ಹಾಕ್ತಾರ, ಗೊತ್ತದೇನ್ರಿ ಡಾಕ್ಟರ?” ಡಾಕ್ಟರು ಆ ಹೊತ್ತಿಗೆ ಹೊರಗೆ ಪೇಷಂಟು ನೋಡಲು ಹೊರಟಿದ್ದರು.

ಅವನಿಗೆ ತಲೆಬಾಗದವನು ಓಣಿಯಲ್ಲಿ ಒಬ್ಬನೇ, ರಾಜಾಸಾಬ. ಬಸ್ಸು ಓಡಿಸಿ ನಿವೃತ್ತನಾದವನು. ಅವನ ಬಾಗಿಲಲ್ಲಿ ಒಂದು ನಿಂಬೆ ಗಿಡದ ಕುಂಡ. ಅಮರಪ್ಪ ಅದರತ್ತ ಬಗ್ಗಿದರೆ ಸಾಕು, ಒಳಗಿಂದ ಹಾರ್ನಿನಂಥ ದನಿ: “ಲೇ ಅಮರ್, ದೂರ ಸರಿ. ಚೆಂದಾಗಿರೋ ಗಿಡ ನಿನ್ನ ಮಾರಿ ನೋಡಿ ಜಡ್ಡಿಗಿ ಬೀಳ್ತದ.”

ಮಗನ ಕೀರ್ತಿಯಿಂದ ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ತಾಯಿ ಹನುಮಮ್ಮ. ಹೊಗಳಿಕೆ ಎಂದರೆ ಆಕೆಯ ಪಾಲಿಗೆ ನೆದರು. ಹೊಗಳಿದವರ ಕಣ್ಣು ತಗಲಿ ಮಗ ಬಾಡಿಹೋಗುತ್ತಾನೆ. ಅಮರಪ್ಪ ಯಾರ ಮನೆಯ ಗಿಡ ನೋಡಿ ಬಂದರೂ ಹೊಸ್ತಿಲಲ್ಲೇ ನಿಲ್ಲಿಸುವಳು. ತಟ್ಟೆಯಲ್ಲಿ ನೀರು, ನೀರಿಗೆ ಅರಿಶಿಣ, ಅರಿಶಿಣಕ್ಕೆ ತನ್ನ ಎಲೆ-ಅಡಿಕೆ ಡಬ್ಬಿಯ ಸುಣ್ಣ. ನೀರು ರಕ್ತದಂತೆ ಕೆಂಪಾಗುವುದು. ಮಗನ ಮುಖದ ಮುಂದೆ ತಟ್ಟೆ ತಿರುವಿ, ಬಾಯಲ್ಲೇ ಏನೋ ಹಾಡಿನಂಥದ್ದು ಗುನುಗಿ, ಒಯ್ದು ಬಾಗಿಲ ಮೂಲೆಯಲ್ಲಿ ಮುಚ್ಚಿಡುವಳು. ಆ ನೀರನ್ನು ಯಾರೂ ತುಳಿಯಬಾರದು, ಆದ್ದರಿಂದ ತುಳಿಯದ ಕಡೆ ಚೆಲ್ಲಬೇಕು. ಎಲ್ಲಿ ಚೆಲ್ಲುತ್ತಾಳೆ ಎಂದು ಅಮರಪ್ಪ ಕೇಳಲಿಲ್ಲ. ಊರಿನ ಎಲೆಗಳ ಗುಟ್ಟೆಲ್ಲ ಬಲ್ಲವನು ತಾಯಿಯ ಕೈಯ ತಟ್ಟೆಯನ್ನು ನೋಡುವುದುಂಟೇ?

ಪೇಷಂಟುಗಳು ಹೆಚ್ಚಿದಂತೆ ಡಬ್ಬಿಯ ಸುಣ್ಣ ಸಾಲದಾಯಿತು. ಹನುಮಮ್ಮ ಗೋಡೆಗೆ ಬಳಿಯುವ ಸುಣ್ಣದ ಪೊಟ್ಟಣವನ್ನೇ ತರಿಸಿದಳು. ದೊಡ್ಡ ನೆದರಿಗೆ ಚಿಟಿಕೆ ಸುಣ್ಣ ಏತಕ್ಕೂ ಸಾಲದು ಎಂಬುದು ಆಕೆಯ ಲೆಕ್ಕ.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ವಾಸಿಯಾದ ಗಿಡಗಳು ಮತ್ತೆ ಜಡ್ಡಿಗೆ ಬಿದ್ದವು. ಈ ಸಲ ಎಲೆ ಜೋಲಲಿಲ್ಲ. ಚಿಗುರು ಹಳದಿಯಾಯಿತು, ನರ ಮಾತ್ರ ಹಸಿರು. ಮೊದಲು ಟೀಚರ್ ಮನೆಯ ದಾಸವಾಳ, ಆಮೇಲೆ ರೇಣಮ್ಮನ ಮಲ್ಲಿಗೆ, ಆಮೇಲೆ ಡಾಕ್ಟರು ಕೈಯಿಟ್ಟ ಕುಂಡಗಳೆಲ್ಲ. ಹೆಚ್ಚು ಸಲ ನೋಡಿದ ಗಿಡ ಹೆಚ್ಚು ಹಳದಿ. ಅಮರಪ್ಪ ಚಹಾಪುಡಿ ಹಾಕಿಸಿದ, ನೆರಳಿಗಿಡಿಸಿದ, ಬಿಸಿಲಿಗಿಡಿಸಿದ, ಒಂದು ಗಿಡವನ್ನಂತೂ ದಿಕ್ಕು ಬದಲಿಸಿ ಪೂರ್ವಕ್ಕೆ ಮುಖ ಮಾಡಿಸಿದ. ಗಿಡಕ್ಕೆ ಮುಖ ಯಾವುದು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಒಂದು ಭಾನುವಾರ ಬೆಳಗ್ಗೆ ಪೇಷಂಟುಗಳೇ ಮನೆಗೆ ಬಂದವು. ರೇಣಮ್ಮ ಮಲ್ಲಿಗೆಯ ಕುಂಡವನ್ನು ಸೊಂಟದ ಮೇಲೆ ಕೂಸಿನಂತೆ ಹೊತ್ತು ತಂದು ಕಟ್ಟೆಯ ಮೇಲೆ ಕುಕ್ಕಿದಳು. ಹಿಂದೆ ಇನ್ನೂ ಕೆಲವರು. ಕಟ್ಟೆಯ ತುಂಬ ಹಳದಿ.

“ಅಮರಣ್ಣ, ಇದೇನಿದು? ಕಾಮಾಲಿ ಬಂದಂಗ ಆಗ್ಯಾದಲ್ಲ! ನೀ ನೋಡಿದ ಮ್ಯಾಲ ಭಾಳಾತು. ಸುಮ್ಮ ನಿಂತ್ರ ಹೆಂಗ? ಹೇಳು, ಯಾಕ ಹಿಂಗಾತು?”

ಅಮರಪ್ಪ ಭೂತಗನ್ನಡಿ ತೆಗೆದ. ನೋಡಿದ. ಒರೆಸಿ ಮತ್ತೆ ನೋಡಿದ. ಕಾರಣ ಅವನಿಗೆ ತಿಳಿದಿರಲಿಲ್ಲ. ತಿಳಿದಿಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ನೆರೆದವರು ಬಾಯಿ ನೋಡುತ್ತಿದ್ದರು. ಆ ಒಂದು ಮಾತು ಗಂಟಲವರೆಗೆ ಬಂತು ಕೂಡ. ಅಷ್ಟರಲ್ಲಿ ಓಣಿಯ ಕೊನೆಯಿಂದ ದ್ಯಾವಪ್ಪ ಬರುವುದು ಕಂಡಿತು.

ದ್ಯಾವಪ್ಪ ಓಣಿಗೆ ನಳದ ನೀರು ಬಿಡುವವನು, ಗುತ್ತಿಗೆದಾರನ ಕೈಕೆಳಗೆ ಕೆಲಸ. ವಾಲ್ವು ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿ ಯಾವಾಗಲೂ ಹೆಗಲ ಮೇಲೆ. ನೀರು ಬಿಟ್ಟೊಡನೆ ಅಮರಪ್ಪನ ಮನೆಯ ಮುಂದೆ ನಿಂತು “ಆಯೀ, ನೀರ ಬಂದಾವ!” ಎಂದು ಕೂಗುವನು. ಹನುಮಮ್ಮನಿಗೆ ಕೂತಲ್ಲಿಂದ ಬೇಗ ಏಳಲಾಗದು, ಕೊಡ ಎತ್ತಲಾಗದು. ತಾನೇ ತುಂಬಿ ಒಳಗಿಡುವನು. ಅವತ್ತು ಅವನ ಇನ್ನೊಂದು ಹೆಗಲ ಮೇಲೆ ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಬಿಳಿ ಚೀಲವಿತ್ತು.

ಅಮರಪ್ಪನ ಕಣ್ಣು ಆ ಚೀಲದ ಮೇಲೆ ಬಿತ್ತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

“ನೀರು,” ಅಂದ. “ಕ್ಲೋರೋಸಿಸ್ ಅಂತ ನಾ ಮೊದಲ ಹೇಳಿದ್ದಿಲ್ಲೇನು? ನಳದ ನೀರಿಗಿ ಕ್ಲೋರಿನ್ ಪೌಡರ್ ಭಾಳ ಬೀಳಾಕತ್ಯಾದ. ಅಳತಿಲ್ಲ, ಅಂದಾಜಿಲ್ಲ. ಗಿಡ ಸುಡಾಕತ್ತಾವ.”

ಎಲ್ಲರ ತಲೆಗಳೂ ಬಿಳಿ ಚೀಲದತ್ತ ತಿರುಗಿದವು. ಆಮೇಲೆ ರೇಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಯವ್ವಾ! ಗಿಡಕ್ಕ ಹಿಂಗಾದ್ರ ಹೊಟ್ಟ್ಯಾಗ ಏನಾಗಿರಬಾರದು!”

ಏನೇನಾಗಿದೆ ಎಂಬುದು ಸಂಜೆಯೊಳಗೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಗೊತ್ತಾಯಿತು. ಒಬ್ಬಳ ಕೂದಲು ಉದುರುವುದು ನೀರಿನಿಂದ. ಒಬ್ಬನ ಮಗ ಗಣಿತದಲ್ಲಿ ಫೇಲಾದದ್ದು ನೀರಿನಿಂದ. ಒಬ್ಬ ಹಿರಿಯರ ಕಿವಿ ಕೇಳದಿರುವುದು ನೀರು ಬರುವುದಕ್ಕಿಂತ ಮೊದಲಿನ ಕಥೆ. ಆದರೂ ಅವರು ತಮ್ಮ ಹೆಸರು ಸೇರಿಸಿರೆಂದು ಹಟ ಹಿಡಿದರು. ಕುಡಿಯಲು ನೀರಿನ ಕ್ಯಾನುಗಳು ಬಂದವು. ಎಲ್ಲ ಸಂದೇಶಗಳ ಕೊನೆಗೆ ‘ಎಲಿ ಡಾಕ್ಟರ್ ಹೇಳ್ಯಾರ’ ಎಂಬ ಮುದ್ರೆ.

ಗುತ್ತಿಗೆದಾರ ಬಂದ, ಬಿಳಿ ಕಾರಿನಲ್ಲಿ. ಇಳಿಯುವಾಗಲೇ ಕೈಮುಗಿದಿದ್ದ.

“ತಕರಾರ ಬ್ಯಾಡ್ರಿ. ಮ್ಯಾಲಿನವರ ತನಕ ಒಯ್ಯಬ್ಯಾಡ್ರಿ. ಮನಿಷ್ಯಾನ್ನ ಬದಲಿ ಮಾಡ್ತೀನಿ. ಏ ದ್ಯಾವಪ್ಪ, ಕೀಲಿ ತಾ ಇಲ್ಲಿ.”

ಗುಂಪಿನ ಹಿಂದಿನಿಂದ ರಾಜಾಸಾಬ ದನಿ ಎತ್ತಿದ. “ಜರಾ ನಿಂದ್ರಿ. ನನ್ನ ನಿಂಬಿಗೂ ಅದ ನಳ, ಅದ ನೀರು. ಹೋಗಿ ನೋಡ್ರಿ, ಗಿಣಿ ಹಾಂಗ ಹಸರ ಅದ. ಇದಕ್ಕೇನಂತಿ ಅಮರ್?”

ಎಲ್ಲರೂ ಅಮರಪ್ಪನತ್ತ ತಿರುಗಿದರು. ನಿಜ ಹೇಳಬೇಕೆಂದರೆ ಆ ನಿಂಬೆ ಗಿಡ ಅವನ ಕಣ್ಣಿಗೂ ಬಿದ್ದಿತ್ತು, ಮನಸ್ಸಿಗೂ ಚುಚ್ಚಿತ್ತು. ಹಿಂದೆಗೆಯಲು ಅದೇ ಸಮಯ. ಅಮರಪ್ಪ ಕೆಮ್ಮಿದ.

“ಕೆಲವು ಗಿಡಕ್ಕ ಒಳಬ್ಯಾನಿ ಇರ್ತಾವ, ಕಾಕಾ. ಹೊರಗ ಹಸರು ಕಾಣ್ತಾವ. ಅವು ಭಾಳ ಸೀರಿಯಸ್.”

ರಾಜಾಸಾಬ ಹಣೆ ಬಡಿದುಕೊಂಡು ಹೊರಟುಹೋದ. ದ್ಯಾವಪ್ಪ ಹೆಗಲ ಮೇಲಿನ ಕೀಲಿ ಇಳಿಸಿ ಕೊಟ್ಟ. ಕೊಟ್ಟ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿದ, ಒಮ್ಮೆ ಮುಂದೆ ಕಟ್ಟಿದ. ಅಮರಪ್ಪನಿಗೆ ಎದ್ದ ಹೆಬ್ಬೆರಳಿನ ಉಗುರು ಮತ್ತೆ ನೋಯತೊಡಗಿತು. ಅದು ಎಂದೋ ಮಾಯ್ದಿತ್ತು.

ಹೊಸಬ ನೀರನ್ನು ತನ್ನ ಮನಸ್ಸು ಬಂದಾಗ ಬಿಡುತ್ತಿದ್ದ, ಯಾರನ್ನೂ ಕೂಗುತ್ತಿರಲಿಲ್ಲ. ಹನುಮಮ್ಮ ಬೆಳಗಿನಿಂದ ಬಾಗಿಲಲ್ಲಿ ಕೊಡ ಇಟ್ಟುಕೊಂಡು ಕೂಡುವಳು. “ಅಮರಾ, ದ್ಯಾವಪ್ಪಗ ಜಡ್ಡೇನೋ? ಆಯೀ ಅನ್ನೋ ದನಿನೇ ಇಲ್ಲಲ್ಲೋ,” ಎಂದು ಕೇಳುವಳು. ಕಿವಿ ಮಂದ, ವಾಟ್ಸಾಪ್ ಇಲ್ಲ. ಆಕೆಗೆ ಯಾರೂ ಹೇಳಿರಲಿಲ್ಲ. ಪರಿಮಳಾ ರೊಟ್ಟಿ ಬಡಿಯುತ್ತ ಗಂಡನ ಮುಖ ನೋಡುವಳು. ಅಮರಪ್ಪ ತಟ್ಟೆ ನೋಡುವನು.

ಒಂದು ಸಂಜೆ ದ್ಯಾವಪ್ಪನೇ ಮನೆಗೆ ಬಂದ. ಜಗಳಕ್ಕೆ ಬಂದನೆಂದು ಅಮರಪ್ಪ ಎದ್ದು ನಿಂತ, ಉತ್ತರಗಳನ್ನು ಸಾಲಾಗಿ ನಿಲ್ಲಿಸಿಕೊಂಡ. ದ್ಯಾವಪ್ಪ ಚಪ್ಪಲಿ ದೂರ ಬಿಟ್ಟು ಕಟ್ಟೆಯ ಕೆಳಗೇ ನಿಂತ.

“ಸಾಹೇಬ್ರ, ಒಂದ ಮಾತು ಕೇಳಾಕ ಬಂದೀನ್ರಿ. ನನ್ನ ಕೈಯಿಂದನ ಆಗ್ಯಾದೇನ್ರಿ? ನೀವು ತಿಳಿದೋರು. ನಾ ಡಬ್ಬಿಲೆ ಅಳದ ಹಾಕ್ತಿದ್ದೆ. ಆದ್ರೂ ಕೈ ತಪ್ಪಿರಬೌದು. ಸಣ್ಣ ಸಣ್ಣ ಹುಡುಗ್ರು ಕುಡ್ಯೋ ನೀರು. ಖರೇ ಹೇಳಿಬಿಡ್ರಿ, ಒಪ್ಕೋತೀನಿ.”

ಸಾಲಾಗಿ ನಿಂತಿದ್ದ ಉತ್ತರಗಳಲ್ಲಿ ಒಂದೂ ಈ ಪ್ರಶ್ನೆಗೆ ಹೊಂದಲಿಲ್ಲ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು. ಈತ ನಂಬಿದ್ದ. ಊರಿನಲ್ಲಿ ಎಲಿ ಡಾಕ್ಟರನನ್ನು ಇಷ್ಟು ಪೂರ್ತಿಯಾಗಿ ನಂಬಿದವನು ಇವನೊಬ್ಬನೇ ಇರಬೇಕು.

“ತನಿಖಿ ಆಗ್ಲಿ, ದ್ಯಾವಪ್ಪ,” ಅಂದ ಅಮರಪ್ಪ. ದನಿ ಕಿಟಕಿಯ ಹಿಂದಿನದೇ ಆಗಿತ್ತು. “ತನಿಖಿ ಆದ ಮ್ಯಾಲ ನೋಡೋಣ.”

“ಹೌದ್ರಿ,” ಎಂದು ದ್ಯಾವಪ್ಪ ಹೋದ. ಒಳಗೆ ಪರಿಮಳಾ ಪಾತ್ರೆಯೊಂದನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅವತ್ತು ಅಮರಪ್ಪ ಊಟಕ್ಕೆ ಕೂತು, ರೊಟ್ಟಿ ಮುರಿದು, ಮುರಿದದ್ದನ್ನು ಮತ್ತೆ ಮುರಿದು, ಪುಡಿ ಮಾಡಿ ಎದ್ದ.

ತನಿಖೆ ಬಂದೇ ಬಂತು. ಓಣಿಯ ಗುಲ್ಲು ಗುತ್ತಿಗೆದಾರನ ಕೈಮೀರಿ ಮೇಲಿನವರನ್ನು ಮುಟ್ಟಿತ್ತು. ನೀರಿನ ಆಫೀಸಿನಿಂದ ಎಳೆವಯಸ್ಸಿನ ಇಂಜಿನಿಯರ್ ಮೇಡಂ ಪರೀಕ್ಷೆಯ ಪೆಟ್ಟಿಗೆ ಹಿಡಿದು ಬಂದರು. ಟೀಚರ್ ಗೇಟಿನ ಮುಂದೆ ಟೇಬಲ್ಲು ಹಾಕಿದರು. ಹಳದಿ ಕುಂಡಗಳನ್ನೆಲ್ಲ ಸಾಲಾಗಿ ಇಟ್ಟರು. ಗುತ್ತಿಗೆದಾರ ಒಂದು ಕಡೆ, ದ್ಯಾವಪ್ಪ ಇನ್ನೊಂದು ಕಡೆ. ಓಣಿ ಓಣಿಯೇ ನೆರೆಯಿತು. ರೇಣಮ್ಮ ಒಲೆ ಆರಿಸಿ ಬಂದಳು, ಅದು ಸಾಮಾನ್ಯ ಮಾತಲ್ಲ.

ಮೇಡಂ ನಳದ ನೀರನ್ನು ಗಾಜಿನ ಕೊಳವೆಗೆ ಹಿಡಿದು ಹನಿ ಹಾಕಿದರು, ಅಲ್ಲಾಡಿಸಿದರು, ಬೆಳಕಿಗೆ ಹಿಡಿದರು.

“ನೀರು ಸರಿಯಾಗಿದೆ. ಪೌಡರ್ ಎಷ್ಟಿರಬೇಕೋ ಅಷ್ಟೇ ಇದೆ.”

“ಅದು ಈಗ ಹೊಸಬನ ಕೈಯಾಗ ಅದರೀ ಮೇಡಂ,” ಅಂದ ಗುತ್ತಿಗೆದಾರ. “ಮೊದಲ ಹಂಗಿದ್ದಿಲ್ಲ.”

ದ್ಯಾವಪ್ಪ ತಲೆ ತಗ್ಗಿಸಿದ. ಮೇಡಂ ಕುಂಡಗಳತ್ತ ನೋಡಿದರು. “ಗಿಡಗಳ ವಿಷಯ ಮೊದಲು ಹೇಳಿದವರು ಯಾರು?”

“ಎಲಿ ಡಾಕ್ಟರ್‌ರೀ!” ಎಂದು ಗುಂಪು ಅಮರಪ್ಪನನ್ನು ಮುಂದಕ್ಕೆ ದೂಡಿತು. ಅವನು ಹಿಂದಕ್ಕೇ ಹೋಗಬೇಕೆಂದಿದ್ದ. ಕೀರ್ತಿಗೆ ಹಿಂದಿನ ಗೇರು ಇರುವುದಿಲ್ಲ.

“ಒಳ್ಳೇದು,” ಅಂದರು ಮೇಡಂ. “ಗಿಡದ ಬಗ್ಗೆ ಇಷ್ಟು ಆಸ್ಥೆ ಇರೋರು ಈಗ ಕಮ್ಮಿ. ನಿಮ್ಮಂಥವರು ಓಣಿಗೊಬ್ಬರು ಇರಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣೂ ಒಟ್ಟಿಗೆ ಅಮರಪ್ಪನ ಮೇಲೆ. ಹೊಸ್ತಿಲಲ್ಲಿ ನಿಂತಿದ್ದ ಹನುಮಮ್ಮನಿಗೆ ಎದೆ ಧಸಕ್ಕೆಂದಿತು. ಇಡೀ ಓಣಿಯ ನೆದರು, ಮೇಲೆ ಸರ್ಕಾರಿ ನೆದರು! ಮಗ ನಿಂತಲ್ಲೇ ಬೆವರುತ್ತಿದ್ದಾನೆ, ಮುಖ ಬೂದಿಯಾಗಿದೆ, ತಗಲಿದ್ದು ಕಣ್ಣಿಗೇ ಕಾಣುತ್ತಿದೆ. ಆಕೆ ಒಳಗೆ ಹೋಗಿ ತಟ್ಟೆ ತಂದಳು. ಸುಣ್ಣವನ್ನು ಹಿಡಿ ತುಂಬ ಹಾಕಿದ್ದಳು. ಇವತ್ತಿನದು ಚಿಟಿಕೆಯ ಕೆಲಸವಲ್ಲ. ಮಂದಿಯನ್ನು ಸರಿಸಿಕೊಂಡು ಬಂದು ಮಗನ ಮುಖದ ಮುಂದೆ ಕೆಂಪು ನೀರು ತಿರುವಿದಳು. ಹೆಂಗಸರು ಗೌರವದಿಂದ ದಾರಿ ಬಿಟ್ಟರು. ಆಕೆ ಸೀದಾ ಹೋಗಿ, ಪರೀಕ್ಷೆಗೆ ಇಟ್ಟಿದ್ದ ಯಶೋಧರಾ ಟೀಚರ್ ದಾಸವಾಳದ ಬುಡಕ್ಕೆ ತಟ್ಟೆ ಬಗ್ಗಿಸಿದಳು. ಅರ್ಧ ಉಳಿಸಿಕೊಂಡು ರೇಣಮ್ಮನ ಮಲ್ಲಿಗೆಗೆ ಸುರಿದಳು.

ಟೇಬಲ್ಲಿನವರೆಗೂ ಕೆಂಪು ಹನಿ ಸಿಡಿದವು.

ಮೇಡಂ ಆಕೆಯ ಕಿವಿಯ ಹತ್ತಿರ ಬಾಗಿ ಕೇಳಿದರು. “ಅಜ್ಜಿ, ಏನದು?”

“ಅರಿಶಿಣ, ಸುಣ್ಣ, ನೀರವ್ವ. ನೆದರ ತಗದೀನಿ. ನನ್ನ ಮಗ ಯಾರ ಮನಿಗಿ ಹೋಗಿ ಬಂದ್ರೂ ತಗೀತೀನಿ.”

“ತೆಗೆದದ್ದನ್ನ ಎಲ್ಲಿ ಹಾಕ್ತೀರಿ?”

ಹನುಮಮ್ಮನಿಗೆ ಈ ಪ್ರಶ್ನೆಯೇ ಆಶ್ಚರ್ಯ. “ಯಾರ ಮನಿ ನೆದರೋ ಅವರ ಮನಿ ಕುಂಡಕ್ಕ! ಮತ್ತೊಬ್ಬರ ಕುಂಡಕ್ಕ ಹಾಕಿದ್ರ ಅನ್ಯಾಯ ಅಲ್ಲೇನು? ಬೆಳಕ ಹರಿಯೋಕಿಂತ ಮೊದಲ ಹೋಗಿ ಹಾಕಿ ಬರ್ತೀನಿ, ಯಾರೂ ತುಳಿಬಾರದಂತ.”

ಮೇಡಂ ಮಲ್ಲಿಗೆಯ ಬುಡದಿಂದ ಚೂರು ಮಣ್ಣು ತೆಗೆದು ನೀರಿನಲ್ಲಿ ಕದಡಿ ಹನಿ ಹಾಕಿದರು. ಕೊಳವೆ ಕಡು ನೀಲಿಯಾಯಿತು.

“ಪೂರ್ತಿ ಸುಣ್ಣ. ಸುಣ್ಣ ಹೆಚ್ಚಾದರೆ ಬೇರಿಗೆ ಕಬ್ಬಿಣದ ಅಂಶ ಎಳೆದುಕೊಳ್ಳೋಕೆ ಆಗೋದಿಲ್ಲ. ಚಿಗುರು ಹಳದಿ, ನರ ಹಸಿರು. ಗೋಡೆಗೆ ಸುಣ್ಣ ಹೊಡೆಸಿದಾಗ ನಮ್ಮ ಮನೆ ಗಿಡಕ್ಕೂ ಹೀಗೇ ಆಗಿತ್ತು.”

ಮೊದಲು ಉರಿದೆದ್ದವಳು ರೇಣಮ್ಮ. ಆದರೆ ಅವಳ ಸಿಟ್ಟು ಸುಣ್ಣದ ಮೇಲಲ್ಲ.

“ಏನ್ ಆಯೀ, ನನ್ನ ಕಣ್ಣು ಅಷ್ಟು ಕೆಟ್ಟದೇನು? ನಾ ಬಾಯಿ ತುಂಬ ಹೊಗಳಿದ್ರ ನೆದರ ಅಂತೀಯಾ?”

“ನಿಂದ ಭಾಳ ತಗಲಿತ್ತವ್ವ. ಎರಡೆರಡು ತಟ್ಟಿ ಬೇಕಾಗ್ತಿತ್ತು,” ಅಂದಳು ಹನುಮಮ್ಮ, ಯಾವ ಮುಚ್ಚುಮರೆಯೂ ಇಲ್ಲದೆ.

“ಮತ್ತ ನನ್ನ ನಿಂಬಿ, ಹನುಮಕ್ಕ?” ರಾಜಾಸಾಬ ಮುಂದೆ ಬಂದ. “ಅದಕ್ಯಾಕ ಹಾಕಲಿಲ್ಲ?”

“ನೀ ಅವನ್ನ ಒಂದಿನಾನೂ ಹೊಗಳಿಲ್ಲಲ್ಲೋ ರಾಜಾ. ನಿನ್ನ ನೆದರ ಹ್ಯಾಂಗ ಆಗ್ತದ?”

ರಾಜಾಸಾಬ ಗೋಡೆ ಹಿಡಿದು ನಕ್ಕ. ಅವನ ನಗೆಯಿಂದ ಗುಂಪಿಗೆ ನಗೆ ಹತ್ತಿತು. ಮೇಡಂ ಪೆಟ್ಟಿಗೆಯೊಳಗೆ ಮುಖ ಹಾಕಿ ಏನೋ ಹುಡುಕುವಂತೆ ಮಾಡಿದರು. ಕಿವಿ ಕೇಳದ ಹಿರಿಯರಂತೂ ಎಲ್ಲರಿಗಿಂತ ಜೋರಾಗಿ ನಕ್ಕರು. ನಗದವರು ಮೂವರು: ಅಮರಪ್ಪ, ದ್ಯಾವಪ್ಪ, ಯಶೋಧರಾ ಟೀಚರ್. ಟೀಚರ್ ಅಮರಪ್ಪನ ಪಕ್ಕಕ್ಕೆ ಬಂದು, ಶಾಲೆಯಲ್ಲಿ ಮಗ್ಗಿ ತಪ್ಪಿದವನನ್ನು ಕೇಳುವ ದನಿಯಲ್ಲೇ ಕೇಳಿದರು. “ದ್ಯಾವಪ್ಪನ ಕೆಲಸ ಹೋತಲ್ಲೋ, ಅಮರಪ್ಪ. ಅವತ್ತ ನಿನಗ ಖಾತ್ರಿ ಇತ್ತೇನು?”

ಅಮರಪ್ಪನ ಕಿವಿಗಳು ಕಾದ ಹೆಂಚಿನಂತಾದವು. ಕನ್ನಡಕ ತೆಗೆದು ಒರೆಸತೊಡಗಿದ. ದ್ಯಾವಪ್ಪನೇ ಅಡ್ಡ ಬಂದ.

“ಬಿಡ್ರಿ ಟೀಚರ್. ಆಯಿದೇನು ತಪ್ಪಿಲ್ಲ. ಮಗನ ಮ್ಯಾಲಿನ ಜೀವಕ್ಕ ಮಾಡ್ಯಾಳ.”

ಆಯಿಯದು ತಪ್ಪಿಲ್ಲ ಅಂದ. ಸಾಹೇಬರದು ತಪ್ಪಿಲ್ಲ ಅನ್ನಲಿಲ್ಲ. ಅನ್ನದೇ ಬಿಟ್ಟದ್ದು ಅಮರಪ್ಪನಿಗೆ ಅಂದದ್ದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಗುತ್ತಿಗೆದಾರ ಮೇಡಂ ಎದುರಿಗೇ ಕೀಲಿಯನ್ನು ದ್ಯಾವಪ್ಪನ ಕೈಗೆ ಕೊಟ್ಟ, ಅದನ್ನು ತಾನೇ ಹೊಸದಾಗಿ ಕೊಡಿಸಿದವನ ಹಾಗೆ. ಅಮರಪ್ಪ ಒಳಗೆ ಹೋಗಿ ಭೂತಗನ್ನಡಿಯನ್ನು ಅಕ್ಕಿಯ ಡಬ್ಬಿಯೊಳಗೆ ಹುಗಿದ. ಅನ್ನಕ್ಕೆ ಅಕ್ಕಿ ತೆಗೆಯುವಾಗ ಪರಿಮಳಾಗೆ ಸಿಕ್ಕಿತು. ಒರೆಸಿ ಅಲ್ಲೇ ಇಟ್ಟಳು.

ಮರುದಿನ ಬೆಳಗಾಗುತ್ತಲೇ ಓಣಿಯಲ್ಲಿ ಹಳೆಯ ದನಿ ಎದ್ದಿತು: “ಆಯೀ, ನೀರ ಬಂದಾವ!”

ಅಮರಪ್ಪ ಎದ್ದುಹೋಗಿ ತಾನೇ ಕೊಡ ಹಿಡಿದ. ದ್ಯಾವಪ್ಪ ಬೇಡ ಅನ್ನಲಿಲ್ಲ. ಇಬ್ಬರೂ ಕೂಡಿ ತುಂಬಿದರು. ಅಷ್ಟರಲ್ಲಿ ಹನುಮಮ್ಮ ತಟ್ಟೆ ಹಿಡಿದು ಬಂದಳು. ರಾತ್ರಿ ಪರಿಮಳಾ ಆಕೆಯ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದ್ದಳು. ಕೇಳಿದ ಮುದುಕಿ ತನಗೆ ತಿಳಿದ ಒಂದೇ ದಾರಿ ಹಿಡಿದಿದ್ದಳು.

“ದ್ಯಾವಪ್ಪ, ಕೂಡಿಲ್ಲಿ. ಊರ ಮಂದಿ ಬಾಯಾಗ ಬಿದ್ದು ಸೊರಗಿಯಪ್ಪ. ನಿಂದೂ ತಗೀತೀನಿ. ಅಮರಾ, ನೀನೂ ಕೂಡು.”

ಕಟ್ಟೆಯ ಮೇಲೆ ಇಬ್ಬರನ್ನೂ ಮದುಮಕ್ಕಳಂತೆ ಜೋಡಿ ಕೂಡಿಸಿದಳು. ಒಂದೇ ತಟ್ಟೆ ಎರಡು ಮುಖಗಳ ಮುಂದೆ ತಿರುಗಿತು. ಕೆಂಪು ನೀರಿನಲ್ಲಿ ಅಮರಪ್ಪನ ಮುಖ, ದ್ಯಾವಪ್ಪನ ಮುಖ ಕೂಡಿ ನಡುಗಿದವು. ಅಮರಪ್ಪ ಕಣ್ಣು ಮುಚ್ಚಿಕೊಂಡ.

ಹನುಮಮ್ಮ ತಟ್ಟೆ ಹಿಡಿದು ಮೆಟ್ಟಿಲಿಳಿದಳೋ ಇಲ್ಲವೋ, ಓಣಿ ಎಚ್ಚೆತ್ತಿತು. ಟೀಚರ್ ಗೇಟು ತೆರೆದು ದಾಸವಾಳವನ್ನು ಒಳಕ್ಕೆಳೆದುಕೊಂಡರು. ರೇಣಮ್ಮ ಮಲ್ಲಿಗೆಯನ್ನು ಎತ್ತಿಕೊಂಡು ಓಡಿದಳು. ಎದುರುಸಾಲಿನಲ್ಲಿ ಬಾಗಿಲ ಸಂದಿಯಿಂದ ಕೈಗಳು ಹೊರಬಂದವು, ಕುಂಡಗಳು ಮಾಯವಾದವು. ರಾಜಾಸಾಬ ನಿಂಬೆ ಗಿಡವನ್ನು ಅವುಚಿ ನಿಂತ. “ಹನುಮಕ್ಕ, ನಾ ಇವತ್ತೂ ಹೊಗಳಿಲ್ಲ! ಖುದಾನ ಆಣಿ ಮಾಡ್ತೀನಿ, ಹೊಗಳಿಲ್ಲ!”

ಮುದುಕಿ ಬರಿದಾದ ಓಣಿಯ ನಡುವೆ ನಿಂತುಬಿಟ್ಟಳು. ಪರಿಮಳಾ ಗಂಡನ ಕಡೆ ತಿರುಗಿದಳು. “ನಿಮ್ಮ ನೆದರು ನೀವ ಹೊರ್ರಿ.”

ಅಮರಪ್ಪ ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡ. ಓಣಿಯ ತುದಿಯಲ್ಲಿ, ಹಳೇ ಬಾವಿಯ ಪಕ್ಕ ದೊಡ್ಡದೊಂದು ಬೇವಿನ ಮರ. ಯಾವ ಕುಂಡದಲ್ಲೂ ಹಿಡಿಯದ ಮರ. ಎಷ್ಟು ಸುಣ್ಣವನ್ನಾದರೂ ತಾಳಿಕೊಂಡೀತು. ತಟ್ಟೆ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಅವನು ನಡೆದ. ಎರಡೂ ಕಡೆ ಬಾಗಿಲ ಸಂದಿಗಳಲ್ಲಿ ಕಣ್ಣುಗಳಿದ್ದವು. ಇವತ್ತು ಅವುಗಳಲ್ಲಿ ಹೊಗಳಿಕೆ ಇರಲಿಲ್ಲ. ಮುಂದಿನ ವಾಲ್ವು ಬೇವಿನ ಮರದ ಬುಡದಲ್ಲೇ ಇದ್ದುದರಿಂದ ದ್ಯಾವಪ್ಪನೂ ಕೀಲಿ ಹೊತ್ತು ಪಕ್ಕದಲ್ಲಿ ನಡೆದ. ದಾರಿಯುದ್ದಕ್ಕೂ ಅಮರಪ್ಪ ಮಾತು ಕೂಡಿಸಿದ, ಮುರಿದ, ಕೂಡಿಸಿದ.

ಬುಡಕ್ಕೆ ನೀರು ಸುರಿಯಲು ಬಾಗಿದಾಗ ಮೇಲಿನಿಂದ ಒಂದು ಹಳದಿ ಎಲೆ ತೇಲುತ್ತ ಬಂದು ತಟ್ಟೆಯಲ್ಲಿ ಬಿತ್ತು. ದ್ಯಾವಪ್ಪ ಬಾಗಿ ನೋಡಿದ. ಅವನ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ, ತಿಳಿಯುವ ಆಸೆಯಷ್ಟೇ ಇತ್ತು.

“ಸಾಹೇಬ್ರ, ಇದಕ್ಕ ಯಾರೂ ಸುಣ್ಣ ಹಾಕಿಲ್ಲ. ಇದ್ಯಾಕ ಹಳದಿ ಆಗ್ಯಾದ್ರಿ?”

ಅಭ್ಯಾಸಬಲದಿಂದ ಅಮರಪ್ಪನ ನಾಲಿಗೆ ಮೇಲೆದ್ದು ‘ಕ್ಲೋ’ ಎಂಬಷ್ಟಕ್ಕೆ ಸಿದ್ಧವಾಯಿತು. ಅಲ್ಲೇ ನಿಂತಿತು. ಬೆಟ್ಟದ ಮೇಲೆ ಮಲಗಿದಾತ ಎಂದಿನಂತೆ ಸುಮ್ಮನಿದ್ದ.

“ಗೊತ್ತಿಲ್ಲ, ದ್ಯಾವಪ್ಪ,” ಅಂದ ಅಮರಪ್ಪ. ತಟ್ಟೆಯನ್ನೇ ನೋಡುತ್ತ ಮತ್ತೂ ಅಂದ: “ಅವತ್ತ ಸೈತ ಗೊತ್ತಿದ್ದಿಲ್ಲ.”

ದ್ಯಾವಪ್ಪ ಕೀಲಿಯನ್ನು ವಾಲ್ವಿನ ಗುಂಡಿಗೆ ಇಳಿಸಿದ. ತಕ್ಷಣ ತಿರುಗಿಸಲಿಲ್ಲ.

“ಅಷ್ಟ ಹೇಳಿದ್ರ ಆಗ್ತಿತ್ತಲ್ರಿ,” ಅಂದ. “ನಾ ಅಳತಿ ಡಬ್ಬಿ ಮನಿಗಿ ಒಯ್ದು, ದಿನಾ ಕುಂತು ಜ್ವಾಳದ ಹಿಟ್ಟು ಅಳದು ಅಳದು ನೋಡೀನಿ, ಕೈ ಎಲ್ಲಿ ತಪ್ಪಿತಂತ.”

ಅಮರಪ್ಪ ಎಲೆಸಹಿತ ಕೆಂಪು ನೀರನ್ನು ಬೇವಿನ ಬುಡಕ್ಕೆ ಸುರಿದ, ಅದು ಅಂಚಿನಿಂದ ಅಂಗೈಗೆಲ್ಲ ಹರಿಯಿತು. ದ್ಯಾವಪ್ಪ ಕೀಲಿಯ ಮೇಲೆ ಭಾರ ಹಾಕಿ ತಿರುಗಿಸಿದ. ನೆಲದೊಳಗೆ ನೀರು ಹರಿದ ಸದ್ದಾಯಿತು. ಅವನು ಕೀಲಿ ಹೆಗಲಿಗೇರಿಸಿ, ನೀರು ಬಂತೆಂದು ಕೂಗುತ್ತ ಮುಂದಿನ ಓಣಿಗೆ ಹೋದ. ಎಲಿ ಡಾಕ್ಟರ್ ಬರಿದಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ, ಅಂಗೈ ಎರಡೂ ಕೆಂಪಗೆ.